ನಿಮ್ಮ ಟೆಂಟಿಗೆ ಫಿಲ್ಟರ್ ಇದೆ, ನಮ್ಮ ಕೇರಿಗೆ ಇಲ್ಲ



ಬರಹ ಉದ್ದ ಇದೆ. ಪೂರ್ತಿ ಓದಿ, ಆಮೇಲೆ ಬೈಯೋದಿದ್ರೆ ಬೈಯಿರಿ.

ನಮ್ಮ ಹೋರಾಟದ ವಲಯದಲ್ಲೇ ಇರುವ ಕೆಲವು ಗೆಳೆಯರಿಗೆ ಈಗ ಹೊಸ ಉಮೇದು ಬಂದಿದೆ. ಫ್ಲ್ಯಾಟಿನ ಒಂದು ರೂಮಲ್ಲಿ ಬೀರುವಿನಷ್ಟು ಎತ್ತರದ ಕಪ್ಪು ಟೆಂಟ್ ನಿಲ್ಲಿಸಿ, ಒಳಗೆ ಎಲ್‌ಇಡಿ ದೀಪ ಉರಿಸಿ, ಗಾಂಜಾ ಗಿಡ ಬೆಳೆಸೋದು. ಇದಕ್ಕೆ ಗ್ರೋ ಟೆಂಟ್ ಅಂತ ಹೆಸರು. ಕೆನಡಾದಲ್ಲಿ 2018ರ ಅಕ್ಟೋಬರಿನಿಂದ ಬಹುತೇಕ ಪ್ರಾಂತ್ಯಗಳಲ್ಲಿ ಒಂದು ಮನೆಗೆ ನಾಲ್ಕು ಗಿಡ ಬೆಳೆಯೋಕೆ ಅನುಮತಿ ಇದೆ. ಜರ್ಮನಿಯಲ್ಲಿ 2024ರ ಏಪ್ರಿಲ್ 1ರಿಂದ ವಯಸ್ಕರೊಬ್ಬರಿಗೆ ಮೂರು ಗಿಡ. ಅಲ್ಲಿಯವರು ಹಾಕಿದ ವಿಡಿಯೋ ನೋಡ್ಕೊಂಡು ಇಲ್ಲಿಯವರು ಸಾಮಾನಿನ ಪಟ್ಟಿ ಬರೀತಿದ್ದಾರೆ.

ಅಂಥದೊಂದು ಪಟ್ಟಿ ನನ್ನ ಕೈಗೂ ಬಂತು. ಕಳಿಸಿದ ಹುಡುಗ ಒಳ್ಳೆಯವನು, ಧರಣಿಗೆ ಕರೆದ್ರೆ ಬರ್ತಾನೆ, ಪೋಸ್ಟರ್ ಬರೀತಾನೆ. ನಾನು ವಕೀಲರ ಆಫೀಸಲ್ಲಿ ಗುಮಾಸ್ತ ಅಂತ ನೆನಪಾಗಿ ಕೇಳಿದ: "ಅಣ್ಣ, ಮನೇಲಿ ಎರಡು ಗಿಡ ಇಟ್ಕೊಂಡ್ರೆ ಏನೂ ಆಗಲ್ಲ ತಾನೇ? ಮಾರೋಕಲ್ಲ, ಸ್ವಂತಕ್ಕೆ. ಒಂಥರಾ ಪ್ರತಿರೋಧ ಕೂಡ ಅಲ್ವಾ?" ಅವನಿಗೆ ಎರಡು ಮಾತಲ್ಲಿ ಉತ್ತರ ಕೊಟ್ಟೆ. ಅವನಂಥವರು ತುಂಬಾ ಜನ ಇರೋದ್ರಿಂದ ಎಲ್ಲರ ಮುಂದೆ ಇಡ್ತಿದ್ದೀನಿ.

ಮೊದಲು ಕಾನೂನು. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ 20ನೇ ಕಲಮು ಓದಿ. ಒಂದು ಕೆಜಿವರೆಗಿನ ಗಾಂಜಾ ಇಟ್ಟುಕೊಂಡು ಸಿಕ್ಕಿಬಿದ್ರೆ ಅದು "ಸಣ್ಣ ಪ್ರಮಾಣ", ಹೆಚ್ಚೆಂದರೆ ಒಂದು ವರ್ಷ ಜೈಲು, ಅಥವಾ ಹತ್ತು ಸಾವಿರದವರೆಗೆ ದಂಡ, ಅಥವಾ ಎರಡೂ. 20 ಕೆಜಿಗಿಂತ ಹೆಚ್ಚಾದರೆ "ವಾಣಿಜ್ಯ ಪ್ರಮಾಣ", ಅದಕ್ಕೆ ಹತ್ತರಿಂದ ಇಪ್ಪತ್ತು ವರ್ಷ. ಆದರೆ ಗಿಡ ಬೆಳೆಸೋದಕ್ಕೆ ಈ ಅಳತೆ ಯಾವುದೂ ಇಲ್ಲ. ಒಂದೇ ಗಿಡ ಆದ್ರೂ ಅದು ಕೃಷಿ. ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ಸ್ವಂತಕ್ಕೋ ಮಾರಾಟಕ್ಕೋ ಅಂತ ಈ ಕಲಮು ಕೇಳೋದೇ ಇಲ್ಲ. ಬೀದೀಲಿ ಪೊಟ್ಟಣ ಕೊಂಡು ಸೇದಿದವನಿಗೆ ತಿಂಗಳ ಲೆಕ್ಕದಲ್ಲಿ ಶಿಕ್ಷೆ, ಯಾವ ದಂಧೆಗೂ ಕಾಸು ಕೊಡದೆ ಕುಂಡದಲ್ಲಿ ಒಂದು ಗಿಡ ಬೆಳೆಸಿದವನಿಗೆ ವರ್ಷದ ಲೆಕ್ಕದಲ್ಲಿ. ಈ ಕಾನೂನು ತಲೆಕೆಳಗಾಗಿದೆ ಅನ್ನೋದು ಇಲ್ಲೇ ಗೊತ್ತಾಗುತ್ತೆ.

ಹಾಗಂತ ಟೆಂಟ್ ಕಟ್ಟಿದವರು ಸಿಕ್ಕೇ ಬೀಳಲ್ಲ ಅಂತಲ್ಲ. 2023ರ ಜೂನಲ್ಲಿ ಶಿವಮೊಗ್ಗದಲ್ಲಿ ಬಾಡಿಗೆ ಮನೆಯೊಳಗೆ ಹೀಗೇ ಬೆಳೀತಿದ್ದರು ಅಂತ ವೈದ್ಯಕೀಯ ವಿದ್ಯಾರ್ಥಿಗಳನ್ನ ಪೊಲೀಸರು ಹಿಡಿದರು. 2024ರ ನವೆಂಬರಲ್ಲಿ ಬೆಂಗಳೂರಿನ ದಂಪತಿ ಬಾಲ್ಕನಿಯ ಕುಂಡಗಳ ಫೋಟೋ ಫೇಸ್‌ಬುಕ್ಕಿಗೆ ಹಾಕಿ, ಆ ಫೋಟೋದಿಂದಲೇ ಸಿಕ್ಕಿಬಿದ್ದರು. ಸಿಕ್ಕಿಬಿದ್ದವರಿಗೆ ಕಷ್ಟ ಆಗೇ ಆಗುತ್ತೆ. ಆದರೆ ಯಾರಿಗೆ ಎಷ್ಟು ಆಗುತ್ತೆ, ಯಾರು ಎಷ್ಟು ಬೇಗ ಹೊರಗೆ ಬರ್ತಾರೆ, ನನ್ನ ಜಗಳ ಅದರ ಬಗ್ಗೆ.

ಆ ಹುಡುಗನ ಪಟ್ಟಿಗೆ ಬರ್ತೀನಿ. ನಾಲ್ಕಡಿ ನಾಲ್ಕಡಿ ಟೆಂಟು, 480 ವ್ಯಾಟಿನ ದೀಪ, ಗಾಳಿ ಹೊರಹಾಕೋ ಫ್ಯಾನು, ಇದ್ದಿಲಿನ ಫಿಲ್ಟರು, ಟೈಮರು, ತೇವಾಂಶ ನೋಡೋ ಮೀಟರು, ಬಟ್ಟೆಯ ಕುಂಡ, ತೆಂಗಿನ ನಾರಿನ ಪುಡಿ, ಬಾಟಲಿ ಗೊಬ್ಬರ. ಅವನೇ ಹಾಕಿದ ಮೊತ್ತ 74 ಸಾವಿರ. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. 74 ಸಾವಿರ ಅಂದ್ರೆ ಸರಿಯಾಗಿ 200 ದಿನದ ಕೂಲಿ. ಒಂದು ಕುಟುಂಬಕ್ಕೆ ವರ್ಷಕ್ಕೆ ಖಾತರಿ ಇದ್ದದ್ದೇ 100 ದಿನ. ಒಂದು ಮನೆಯವರೆಲ್ಲ ಸೇರಿ ಎರಡು ವರ್ಷ ಹೂಳೆತ್ತಿದರೆ, ಅದೂ ಪೂರ್ತಿ ಕೆಲಸ ಸಿಕ್ಕಿದರೆ, ನಿಮ್ಮ ಮೊದಲನೇ ಟೆಂಟು ಬರುತ್ತೆ.

ದೀಪದ ಲೆಕ್ಕವೂ ನೋಡಿ. 480 ವ್ಯಾಟಿನ ದೀಪ ದಿನಕ್ಕೆ ಹದಿನೆಂಟು ಗಂಟೆ ಉರಿದರೆ ತಿಂಗಳಿಗೆ ಹತ್ತಿರ ಹತ್ತಿರ 260 ಯೂನಿಟ್. ಗೃಹಜ್ಯೋತಿಯ ಮಿತಿ 200. ಒಂದೇ ಬಲ್ಬಿನ ಭಾಗ್ಯಜ್ಯೋತಿಯಲ್ಲಿ ಓದಿ ಎಸ್‌ಎಸ್‌ಎಲ್‌ಸಿ ಪಾಸಾದವರು ನಾವು. ಒಂದು ಗಿಡಕ್ಕೆ ನಮ್ಮ ಬೀದಿಯ ಯಾವ ಮನೆಗೂ ಇಲ್ಲದಷ್ಟು ಬೆಳಕು ಹರಿಸೋದನ್ನ ನೀವು ಪ್ರತಿರೋಧ ಅಂದ್ರೆ ನನಗೆ ನಗಬೇಕೋ ಅಳಬೇಕೋ ಗೊತ್ತಾಗಲ್ಲ.

ಆ ಪಟ್ಟಿಯಲ್ಲಿ ನನ್ನ ಕಣ್ಣು ನಿಂತದ್ದು ಇದ್ದಿಲಿನ ಫಿಲ್ಟರಿನ ಮೇಲೆ. ಅದರ ಕೆಲಸ ಒಂದೇ, ವಾಸನೆ ಹೀರೋದು. ಟೆಂಟಿನ ಗಾಳಿ ಅದರೊಳಗೆ ಹಾದು ಹೋದರೆ ಪಕ್ಕದ ಮನೆಗೆ, ಲಿಫ್ಟಿಗೆ, ವಾಚ್‌ಮನ್ನಿಗೆ ಏನೂ ಮೂಗಿಗೆ ಬಡಿಯಲ್ಲ. ಅಂದರೆ ಅಪರಾಧದ ವಾಸನೆ ಅಡಗಿಸೋದಕ್ಕೂ ಒಂದು ಸಾಮಾನು ಇದೆ, ದುಡ್ಡು ಇದ್ದವರಿಗೆ ಸಿಗುತ್ತೆ.

ಬೆಂಗಳೂರಲ್ಲಿ, ಮೈಸೂರಲ್ಲಿ ಬಾಡಿಗೆ ಮನೆ ಹುಡುಕಿದ ದಲಿತರಿಗೆಲ್ಲ ವಾಸನೆ ವಿಚಾರ ಗೊತ್ತು. "ನೀವು ಯಾವ ಜನ?" ಅಂತ ಬಾಯಿಬಿಟ್ಟು ಕೇಳೋಕೆ ನಾಚಿಕೆ ಆದವರು "ವೆಜ್ಜಾ, ನಾನ್‌ವೆಜ್ಜಾ?" ಅಂತಾರೆ. ಸುಳ್ಳು ಹೇಳಿ ಮನೆ ಹಿಡಿದರೆ ಭಾನುವಾರ ಬಾಡಿನ ಸಾರಿನ ಒಗ್ಗರಣೆಗೆ ಓನರ್ ಬಾಗಿಲು ತಟ್ತಾರೆ. ದನದ ಮಾಂಸ ಆದ್ರೆ ತಿಂಗಳು ಮುಗಿಯೋದರೊಳಗೆ ಖಾಲಿ. ತಟ್ಟೆಯ ಅನ್ನದ ವಾಸನೆಗೇ ನಮ್ಮನ್ನ ಬೀದಿಗೆ ಹಾಕೋ ಊರಲ್ಲಿ, ಮೂರು ತಿಂಗಳು ಬಾಗಿಲು ಹಾಕಿಟ್ಟ ಒಂದು ರೂಮು ಯಾರ ಹತ್ತಿರ ಇರುತ್ತೆ? ಯಾರೂ ಕದ ತಟ್ಟಲ್ಲ ಅನ್ನೋ ಧೈರ್ಯ ಯಾರಿಗೆ ಇರುತ್ತೆ? ಆ ಧೈರ್ಯವೂ ಜಾತಿಯಿಂದ ಬಂದ ಆಸ್ತಿಯೇ. ನೀವು ಅದನ್ನ ಪಟ್ಟಿಯಲ್ಲಿ ಬರೆದಿಲ್ಲ, ಯಾಕಂದ್ರೆ ಅದಕ್ಕೆ ದುಡ್ಡು ಕೊಟ್ಟಿಲ್ಲ.

ಈಗ ಫಿಲ್ಟರ್ ಇಲ್ಲದವರ ಕಡೆ ಬನ್ನಿ.

ಚಾಮರಾಜನಗರ ಜಿಲ್ಲೆಯ ಹನೂರು, ಮಹದೇಶ್ವರ ಬೆಟ್ಟದ ಸುತ್ತಮುತ್ತ ಮುಸುಕಿನ ಜೋಳ, ಅರಿಶಿನದ ಸಾಲಿನ ನಡುವೆ ಗಾಂಜಾ ಗಿಡ ಸಿಕ್ಕಿತು ಅನ್ನೋ ಸುದ್ದಿ ವರ್ಷಾ ವರ್ಷ ಬರುತ್ತೆ. ಫೋಟೋ ಯಾವಾಗಲೂ ಒಂದೇ ಥರ. ಮುಂದೆ ಬೇರು ಸಮೇತ ಕಿತ್ತ ಹಸಿ ಗಿಡದ ರಾಶಿ, ಅದರ ಪಕ್ಕ ಕುಕ್ಕರುಗಾಲಲ್ಲಿ ಕೂತ ಲುಂಗಿ ಉಟ್ಟ ಒಬ್ಬ, ಹಿಂದೆ ಸಾಲಾಗಿ ನಿಂತ ಪೊಲೀಸರು. ಆ ಕೂತವನ ಮುಂದಿನ ಕಥೆ ಪೇಪರಲ್ಲಿ ಬರಲ್ಲ. ಅದು ನಮ್ಮ ಆಫೀಸಿನ ಫೈಲಲ್ಲಿ ಬರುತ್ತೆ.

ಕಾಯ್ದೆಯ 2ನೇ ಕಲಮಿನ ಪ್ರಕಾರ ಗಾಂಜಾ ಅಂದ್ರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ತುದಿ ಜೊತೆಗಿಲ್ಲದ ಎಲೆ, ಬೀಜ ಗಾಂಜಾ ಅಲ್ಲ. ಕಾಂಡ, ಬೇರು, ಬೇರಿಗಂಟಿದ ಮಣ್ಣಂತೂ ಅಲ್ಲವೇ ಅಲ್ಲ. ಆದರೆ ಹೊಲದಲ್ಲಿ ನಡೆಯೋ ಪಂಚನಾಮೆಯಲ್ಲಿ ಏನಾಗುತ್ತೆ? ಇಡೀ ಗಿಡ ಕಿತ್ತು, ಹಸಿಯಾಗಿ, ಹಂಗೇ ತಕ್ಕಡಿಗೆ ಹಾಕ್ತಾರೆ. ಹಸಿ ಗಿಡದಲ್ಲಿ ಬಹುಪಾಲು ನೀರು. ಹತ್ತು ಹನ್ನೆರಡು ಗಿಡಕ್ಕೆ 20 ಕೆಜಿ ದಾಟಿಬಿಡುತ್ತೆ. ದಾಟಿದ ಕೂಡಲೇ ಅದು ವಾಣಿಜ್ಯ ಪ್ರಮಾಣ. ಆಗ 37ನೇ ಕಲಮು ಅಡ್ಡ ಬರುತ್ತೆ. ಆರೋಪಿ ತಪ್ಪಿತಸ್ಥ ಅಲ್ಲ ಅಂತ ನಂಬೋಕೆ ಕಾರಣ ಇದೆ, ಹೊರಗೆ ಬಂದರೆ ಮತ್ತೆ ಅಪರಾಧ ಮಾಡಲ್ಲ, ಈ ಎರಡೂ ಜಡ್ಜಿಗೆ ಮನವರಿಕೆ ಆದರೆ ಮಾತ್ರ ಜಾಮೀನು. ವಿಚಾರಣೆ ಶುರು ಆಗೋ ಮೊದಲೇ ನಿರ್ದೋಷಿ ಅಂತ ಸಾಬೀತು ಮಾಡ್ಕೋ ಅಂದ ಹಾಗೆ. ಚಾರ್ಜ್‌ಶೀಟಿಗೆ ಪೊಲೀಸರಿಗೆ 180 ದಿನ ಸಮಯ, ಕೇಳಿದರೆ ಒಂದು ವರ್ಷದವರೆಗೂ ವಿಸ್ತರಣೆ.

ಇಡೀ ಗಿಡ ತೂಗಿದ್ದು ತಪ್ಪು ಅನ್ನೋ ವಾದ ಹೈಕೋರ್ಟುಗಳ ಮುಂದೆ ಮತ್ತೆ ಮತ್ತೆ ಹೋಗಿದೆ, ಜಾಮೀನೂ ಸಿಕ್ಕಿದೆ. ಆದರೆ ಹೈಕೋರ್ಟಿಗೆ ಹೋಗೋಕೆ ವಕೀಲರ ಫೀಸು ಬೇಕು, ಬೆಂಗಳೂರಿಗೆ ಹೋಗಿ ಬರೋ ಬಸ್ ಚಾರ್ಜು ಬೇಕು, ತಿಂಗಳುಗಟ್ಟಲೆ ಅಲೆಯೋಕೆ ಮನೇಲಿ ಒಬ್ಬ ಬಿಡುವಾದವನು ಬೇಕು.

ಜಾಮೀನು ಆದೇಶ ಆದ ಮೇಲೂ ಕಥೆ ಮುಗಿಯಲ್ಲ. "ಇಬ್ಬರು ಜಾಮೀನುದಾರರು" ಅಂತ ಆದೇಶದಲ್ಲಿ ಇರುತ್ತೆ. ಜಾಮೀನುದಾರ ಅಂದ್ರೆ ಪಹಣಿ ತಂದು ತೋರಿಸೋನು. ದೇಶದ ಕೃಷಿ ಹಿಡುವಳಿಯಲ್ಲಿ ಪರಿಶಿಷ್ಟ ಜಾತಿಯವರ ಕೈಲಿರೋ ನೆಲ ಹತ್ತರಲ್ಲಿ ಒಂದು ಪಾಲೂ ಇಲ್ಲ. ಕೇರಿಯಲ್ಲಿ ಪಹಣಿ ಎಲ್ಲಿಂದ ತರಬೇಕು? ಮೇಲಿನ ಬೀದಿ ಗೌಡರ ಮನೆ ಬಾಗಿಲಿಗೆ ಹೋಗಬೇಕು. ಆದೇಶ ಕೈಲಿ ಹಿಡ್ಕೊಂಡು ಮೂರು ವಾರ ಪಹಣಿ ಹುಡುಕಿದ ತಾಯಂದಿರನ್ನ ನಾನು ನೋಡಿದ್ದೀನಿ. ಬಿಡುಗಡೆ ಆದ ಮೇಲೆ ಆ ಪಹಣಿಯ ಋಣ ತೀರಿಸೋಕೆ ಮಗ ಅದೇ ಗೌಡರ ತೋಟದಲ್ಲಿ ದುಡೀತಾನೆ. ಭೂಮಿ ಇಲ್ಲದವನಿಗೆ ಜಾಮೀನೂ ಸಾಲವೇ.

ಇನ್ನೊಂದು ಮಾತು. ಹೊಲ ಯಾರದ್ದು, ಬೀಜ ಯಾರು ಕೊಟ್ಟರು, ಬೆಳೆದದ್ದನ್ನ ಕೊಂಡೊಯ್ಯೋನು ಯಾರು, ಈ ಮೂರು ಪ್ರಶ್ನೆಗೆ ಉತ್ತರ ಇಲ್ಲದ ಚಾರ್ಜ್‌ಶೀಟುಗಳೇ ನಾನು ಹೆಚ್ಚು ನೋಡಿರೋದು. ನೀರು ಕಟ್ಟಿದವನು ಒಂದನೇ ಆರೋಪಿ. ದುಡ್ಡು ಹಾಕಿದವನು "ತಲೆಮರೆಸಿಕೊಂಡಿದ್ದಾನೆ".

ಹೊಲ ಬಿಡಿ, ಪೊಟ್ಟಣದ ಕೇಸು ನೋಡೋಣ. ನನಗೆ ಗೊತ್ತಿರೋ ಒಂದು ಕೇರಿಯ ಹುಡುಗ, ಹತ್ತೊಂಬತ್ತು ವರ್ಷ, ಗಾರೆ ಕೆಲಸ. ರಾತ್ರಿ ಬಸ್‌ಸ್ಟ್ಯಾಂಡ್ ಹಿಂದೆ ಕೂತಿದ್ದಾಗ ಹಿಡಿದರು. ಮೂತ್ರ ಪರೀಕ್ಷೆ ಮಾಡಿಸಿದರು, ಪಾಸಿಟಿವ್. ಸೇವನೆಗೆ 27ನೇ ಕಲಮು, ಆರು ತಿಂಗಳವರೆಗೆ ಜೈಲು ಅಥವಾ ಹತ್ತು ಸಾವಿರದವರೆಗೆ ದಂಡ ಅಥವಾ ಎರಡೂ. "ಒಪ್ಕೊಂಡು ದಂಡ ಕಟ್ಟಿಬಿಡು, ಮುಗಿದೋಗುತ್ತೆ" ಅಂತ ಯಾರೋ ಹೇಳಿದರು, ಒಪ್ಕೊಂಡ. ಮುಗೀಲಿಲ್ಲ. ಗಣಪತಿ ಮೆರವಣಿಗೆ ಬಂದರೆ ಠಾಣೆಗೆ ಬಾ, ಚುನಾವಣೆ ಬಂದರೆ ಠಾಣೆಗೆ ಬಾ, ಊರಲ್ಲಿ ಬೈಕ್ ಕಳುವಾದರೆ ಠಾಣೆಗೆ ಬಾ. ಫ್ಯಾಕ್ಟರಿಯೊಂದರಲ್ಲಿ ಕೆಲಸ ಸಿಕ್ಕಿತ್ತು, ಪೊಲೀಸ್ ವೆರಿಫಿಕೇಶನ್ನಲ್ಲಿ ಹೋಯಿತು. ಅವನು ಸೇದಿದ್ದು ಎಷ್ಟೋ ಗೊತ್ತಿಲ್ಲ. ಕಳಕೊಂಡದ್ದು ಎಷ್ಟು ಅಂತ ಅವನ ಅವ್ವನಿಗೆ ಗೊತ್ತು.

ಅದೇ ವರ್ಷ ಅದೇ ಊರಿನ ಹಾಸ್ಟೆಲು, ಅಪಾರ್ಟ್‌ಮೆಂಟುಗಳಲ್ಲಿ ಯಾರೂ ಸೇದಲಿಲ್ವಾ? ಅಲ್ಲಿಗೆ ಹೋಗಿ ಮೂತ್ರ ಹಿಡೀಲಿಲ್ಲ, ಅಷ್ಟೇ. ವಿಧಿ ಕಾನೂನು ನೀತಿ ಕೇಂದ್ರದವರು ಮುಂಬೈಯ 2017 ಮತ್ತು 2018ರ ಕೇಸುಗಳನ್ನ ಅಧ್ಯಯನ ಮಾಡಿದಾಗಲೂ ಇದೇ ಕಂಡದ್ದು. ಹಿಡಿದದ್ದರಲ್ಲಿ ಬಹುಪಾಲು ಬರೀ ಸೇವನೆಯ ಕೇಸು, ಅದರಲ್ಲೂ ಗಾಂಜಾ. ಸಿಕ್ಕಿಬಿದ್ದವರು ದಿನಗೂಲಿಗಳು, ಕೊಳೆಗೇರಿಯವರು, ಬೀದಿಬದಿ ಮಲಗೋರು. 2022ರ ಜೈಲು ಅಂಕಿಅಂಶ ತೆಗೆದು ನೋಡಿ. ದೇಶದ ಜೈಲಲ್ಲಿರುವ ನಾಲ್ವರಲ್ಲಿ ಮೂವರು ಇನ್ನೂ ವಿಚಾರಣಾಧೀನರು. ಅವರಲ್ಲಿ ಹತ್ತಿರ ಹತ್ತಿರ ಐದನೇ ಒಂದು ಪಾಲು ಪರಿಶಿಷ್ಟ ಜಾತಿಯವರು. 2011ರ ಜನಗಣತಿಯಲ್ಲಿ ನಮ್ಮ ಪಾಲು ಶೇ. 16.6. ಜನಸಂಖ್ಯೆಗಿಂತ ಹೆಚ್ಚು ಪ್ರಾತಿನಿಧ್ಯ ನಮಗೆ ಸಿಕ್ಕಿರೋ ಜಾಗ ಜೈಲು ಒಂದೇ.

"ಕಾನೂನು ಎಲ್ಲರಿಗೂ ಒಂದೇ" ಅನ್ನೋರಿಗೆ ಭಂಗಿಯ ಕಥೆ ಹೇಳಬೇಕು. ಒಂದೇ ಗಿಡ. ಎಲೆ ಅರೆದು ಹಾಲು, ಬಾದಾಮಿ ಹಾಕಿ ಕುಡಿದರೆ ಭಂಗಿ. ಹೂವಿನ ತುದಿ ಒಣಗಿಸಿ ಸೇದಿದರೆ ಗಾಂಜಾ. 1961ರ ವಿಶ್ವಸಂಸ್ಥೆ ಒಪ್ಪಂದದಲ್ಲೇ ಬರೀ ಎಲೆಯನ್ನ ನಿಷೇಧದಿಂದ ಹೊರಗಿಟ್ಟರು, 1985ರ ಕಾಯ್ದೆಯೂ ಅದನ್ನೇ ಇಟ್ಟುಕೊಂಡಿತು. ಹಾಗಾಗಿ ಉತ್ತರಪ್ರದೇಶ, ರಾಜಸ್ಥಾನದಲ್ಲಿ ಸರ್ಕಾರವೇ ಲೈಸೆನ್ಸ್ ಕೊಟ್ಟ ಭಂಗಿ ಅಂಗಡಿಗಳಿವೆ. ಹೋಳಿಗೆ, ಶಿವರಾತ್ರಿಗೆ ಅದು ಪ್ರಸಾದ. ನಮ್ಮ ಹೈಕೋರ್ಟೇ 2022ರ ಆಗಸ್ಟಲ್ಲಿ 29 ಕೆಜಿ ಭಂಗಿಯ ಜೊತೆ ಸಿಕ್ಕಿದ್ದವನಿಗೆ ಜಾಮೀನು ಕೊಡುತ್ತಾ, ಭಂಗಿ ಈ ಕಾಯ್ದೆಯಲ್ಲಿ ನಿಷೇಧಿತ ಅನ್ನೋದಕ್ಕೆ ಆಧಾರ ಇಲ್ಲ ಅಂದಿತು. ಆ ಆದೇಶದ ಬಗ್ಗೆ ನನಗೆ ತಕರಾರಿಲ್ಲ, ಒಬ್ಬ ಬಡವ ಹೊರಗೆ ಬಂದ. ನನ್ನ ತಕರಾರು ಇರೋದು ಗೆರೆ ಎಳೆದ ಜಾಗದ ಬಗ್ಗೆ.

ಆ ಗೆರೆ ಇವತ್ತಿನದಲ್ಲ. ಬ್ರಿಟಿಷ್ ಸರ್ಕಾರ 1893-94ರಲ್ಲಿ ಹೆಂಪ್ ಡ್ರಗ್ಸ್ ಕಮಿಷನ್ ಮಾಡಿ ಸಾವಿರಕ್ಕೂ ಹೆಚ್ಚು ಸಾಕ್ಷಿಗಳ ಹೇಳಿಕೆ ತಗೊಂಡು ಏಳು ಸಂಪುಟದ ವರದಿ ಬರೆಸಿತು. ಮಿತವಾದ ಸೇವನೆಯಿಂದ ದೊಡ್ಡ ಹಾನಿ ಇಲ್ಲ, ಪೂರ್ತಿ ನಿಷೇಧ ಬೇಡ ಅಂತ ವರದಿ ಹೇಳಿತು. ಭಂಗಿ ಕುಡಿಯೋದು ಮರ್ಯಾದಸ್ಥರದ್ದು, ಗಾಂಜಾ ಸೇದೋದು ಬೈರಾಗಿಗಳು ಮತ್ತು ಕೂಲಿ ಜನರದ್ದು ಅನ್ನೋ ಭೇದ ಆಗಲೇ ಇತ್ತು. 1985ರಲ್ಲಿ ಪಾರ್ಲಿಮೆಂಟು ಕಾಯ್ದೆ ಮಾಡಿದಾಗ ಮರ್ಯಾದಸ್ಥರ ಲೋಟ ಉಳೀತು, ಕೂಲಿಯವನ ಚಿಲುಮೆ ಅಪರಾಧ ಆಯಿತು. ಕುಂಭಮೇಳದಲ್ಲಿ ಸಾಧುಗಳ ಚಿಲುಮೆ ಟಿವಿಯಲ್ಲಿ ನೇರ ಪ್ರಸಾರ ಆಗುತ್ತೆ. ಅವರ ಮೂತ್ರ ಪರೀಕ್ಷೆ ಮಾಡಿಸಿದ ಇನ್ಸ್‌ಪೆಕ್ಟರ್ ಯಾರಾದರೂ ಇದ್ದರೆ ಹೇಳಿ, ಹಾರ ಹಾಕ್ತೀನಿ. ಉತ್ತರ ಭಾರತದಲ್ಲಿ ಮಲ ಬಳಿಯೋ ಕೆಲಸಕ್ಕೆ ತಳ್ಳಿದ ನಮ್ಮ ಜನರಿಗೆ ಅಂಟಿಸಿದ ಬೈಗುಳದ ಹೆಸರಿಗೆ ಈ ಭಂಗಿಯೇ ಮೂಲ ಅಂತ ವಿವರಿಸೋರೂ ಇದ್ದಾರೆ. ಕುಡಿಯೋದು ಅವರಿಗೆ ಪ್ರಸಾದ, ಹೆಸರು ನಮಗೆ ಬೈಗುಳ.

ಎಷ್ಟು ಜನ ಬಳಸ್ತಾರೆ ಅನ್ನೋದಕ್ಕೂ ಸರ್ಕಾರದ್ದೇ ಲೆಕ್ಕ ಇದೆ. ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ಏಮ್ಸ್ ಮಾಡಿದ 2019ರ ಸಮೀಕ್ಷೆ ಪ್ರಕಾರ ಹಿಂದಿನ ಒಂದು ವರ್ಷದಲ್ಲಿ ಭಂಗಿ ಬಳಸಿದವರು ಸುಮಾರು 2.2 ಕೋಟಿ, ಗಾಂಜಾ-ಚರಸ್ ಬಳಸಿದವರು ಸುಮಾರು 1.3 ಕೋಟಿ. ಜಾಸ್ತಿ ಜನ ಬಳಸೋದು ಕಾನೂನುಬದ್ಧ, ಕಮ್ಮಿ ಜನ ಬಳಸೋದು ಅಪರಾಧ. 2020ರ ಡಿಸೆಂಬರಲ್ಲಿ ವಿಶ್ವಸಂಸ್ಥೆಯ ಆಯೋಗ ಈ ಗಿಡವನ್ನ ಅತಿ ಅಪಾಯಕಾರಿ ವಸ್ತುಗಳ ಪಟ್ಟಿಯಿಂದ 27-25 ಮತದಲ್ಲಿ ತೆಗೆದಾಗ ಭಾರತ ತೆಗೀರಿ ಅಂತಲೇ ವೋಟು ಹಾಕಿತು. ವಿಯೆನ್ನಾದಲ್ಲಿ ಒಂದು ಮಾತು, ಹನೂರಲ್ಲಿ ಇನ್ನೊಂದು.

ಇದೇ ಹೊತ್ತಲ್ಲಿ ದುಡ್ಡು ಮಾಡೋ ಬಾಗಿಲು ತೆರೀತಿದೆ. ಕಾಯ್ದೆಯ 14ನೇ ಕಲಮಲ್ಲಿ ನಾರು, ಬೀಜಕ್ಕಾಗಿ ಬೆಳೆಯೋಕೆ ಸರ್ಕಾರ ಅನುಮತಿ ಕೊಡಬಹುದು ಅಂತಿದೆ. ಉತ್ತರಾಖಂಡ 2018ರಲ್ಲಿ ಹಾಗೆ ಲೈಸೆನ್ಸ್ ಕೊಡೋಕೆ ಶುರು ಮಾಡಿತು. 2021ರಲ್ಲಿ ಹೆಂಪ್ ಬೀಜ, ಬೀಜದ ಎಣ್ಣೆ ಆಹಾರ ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಒಪ್ಪಿತು. ಆಯುರ್ವೇದದ ಹೆಸರಲ್ಲಿ "ವಿಜಯಾ" ಎಣ್ಣೆ ಚಂದದ ಬಾಟಲಿಯಲ್ಲಿ ಆನ್‌ಲೈನ್ ಸಿಗುತ್ತೆ. ಲೈಸೆನ್ಸು, ಲ್ಯಾಬು, ಬಂಡವಾಳ ಇದ್ದವನಿಗೆ ಇದು ಸ್ಟಾರ್ಟಪ್. ಆಂಧ್ರ-ಒಡಿಶಾ ಗಡಿಯ ಆದಿವಾಸಿಗೆ? 2021ರ ಕೊನೆಯಲ್ಲಿ ಆಂಧ್ರ ಪೊಲೀಸರು "ಆಪರೇಷನ್ ಪರಿವರ್ತನ" ಅಂತ ವಿಶಾಖಪಟ್ಟಣದ ಏಜೆನ್ಸಿ ಹಾಡಿಗಳಲ್ಲಿ ಸಾವಿರಾರು ಎಕರೆ ಬೆಳೆ ಕಡಿಸಿದರು. 2022ರ ಫೆಬ್ರವರಿಯಲ್ಲಿ ಎರಡು ಲಕ್ಷ ಕೆಜಿ ಗಾಂಜಾಕ್ಕೆ ಒಂದೇ ದಿನ ಬೆಂಕಿ ಇಟ್ಟರು. ಬೆಟ್ಟದ ಮೇಲಿಂದ ಅದನ್ನ ಕೊಂಡು ಊರೂರಿಗೆ ಸಾಗಿಸಿದ ದೊಡ್ಡ ಕುಳಗಳ ಬೆಂಕಿ ಯಾವಾಗ ಹತ್ತುತ್ತೋ ಗೊತ್ತಿಲ್ಲ.

ಅಮೆರಿಕ ಈ ದಾರೀಲಿ ನಮಗಿಂತ ಮುಂದೆ ಹೋಗಿದೆ, ಅಲ್ಲಿಂದ ಕಲಿಯೋದಿದೆ. ಅಲ್ಲಿ ಕರಿಯರೂ ಬಿಳಿಯರೂ ಹತ್ತಿರ ಹತ್ತಿರ ಒಂದೇ ಪ್ರಮಾಣದಲ್ಲಿ ಗಾಂಜಾ ಬಳಸ್ತಾರೆ. ಆದರೆ ಬಂಧನಕ್ಕೆ ಒಳಗಾಗುವ ಸಾಧ್ಯತೆ ಕರಿಯರಿಗೆ ಮೂರೂವರೆ ಪಟ್ಟಿಗೂ ಹೆಚ್ಚು ಅಂತ ಅಲ್ಲಿನ ನಾಗರಿಕ ಹಕ್ಕುಗಳ ಸಂಘಟನೆ ಎಸಿಎಲ್‌ಯು 2020ರಲ್ಲಿ ಲೆಕ್ಕ ಕೊಟ್ಟಿತು. ಕಾನೂನು ಸಡಿಲ ಆದ ರಾಜ್ಯಗಳಲ್ಲಿ ಅಂಗಡಿ ತೆರೆದವರು ಹೆಚ್ಚಾಗಿ ಬಂಡವಾಳ ಇದ್ದ ಬಿಳಿಯರು. ಅಪ್ಪ ಜೈಲಲ್ಲಿ ಕೂತ ಅದೇ ಗಿಡದ ಅಂಗಡಿಯ ಮುಂದೆ ಮಗ ಸೆಕ್ಯೂರಿಟಿ ಕೆಲಸಕ್ಕೆ ನಿಂತ. ಇದಕ್ಕೆ ಜನ ಗಲಾಟೆ ಮಾಡಿದ ಮೇಲೆಯೇ ಇಲಿನಾಯ್ ಥರದ ರಾಜ್ಯಗಳು 2020ರಿಂದ ಹಳೇ ಕೇಸು ಅಳಿಸೋ, ಪೆಟ್ಟು ತಿಂದ ಬಡಾವಣೆಗಳಿಗೆ ತೆರಿಗೆಯ ಪಾಲು ಕೊಡೋ ನಿಯಮ ತಂದದ್ದು. ಕೇಳದೇ ಯಾರೂ ಕೊಡಲಿಲ್ಲ. ಇಲ್ಲೂ ಒಂದು ದಿನ ಕಾನೂನು ಸಡಿಲ ಆಗುತ್ತೆ. ಆಗ ಲೈಸೆನ್ಸಿನ ಸಾಲಲ್ಲಿ ಮೊದಲು ನಿಲ್ಲೋರು ಈಗ ಟೆಂಟ್ ಕಟ್ಟಿ ಕೆಲಸ ಕಲಿತವರು. ಹನೂರಿನ ಲುಂಗಿಯವನ ಹೆಸರು "ಹಿಂದಿನ ಅಪರಾಧಿ" ಅಂತ ಪಟ್ಟಿಯಿಂದಲೇ ಹೊರಗೆ.

ಈಗ ಆ "ಪ್ರತಿರೋಧ" ಅನ್ನೋ ಮಾತಿಗೆ ಬರ್ತೀನಿ. ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಯ ನೀರು ಮುಟ್ಟಿದ್ದು ಹಾಡಹಗಲಲ್ಲಿ, ಸಾವಿರಾರು ಜನರ ಜೊತೆ, ಊರೆಲ್ಲ ನೋಡ್ತಿರುವಾಗ. ಏಟು ಬೀಳುತ್ತೆ ಅಂತ ಗೊತ್ತಿದ್ದು, ಕೆರೆಯ ನೀರಿನ ಹಕ್ಕಿನ ಕೇಸನ್ನ ಕೋರ್ಟಲ್ಲಿ ವರ್ಷಗಟ್ಟಲೆ ನಡೆಸಿ ಗೆದ್ದರು. ರಾತ್ರಿ ಕದ್ದು ಒಂದು ಕೊಡ ನೀರು ತಂದು ಮನೆಯೊಳಗೆ ಕುಡಿದಿದ್ದರೆ ಬಾಯಾರಿಕೆ ಹೋಗ್ತಿತ್ತು, ಅಸ್ಪೃಶ್ಯತೆ ಹೋಗ್ತಿರಲಿಲ್ಲ. ಜಿಪ್ ಎಳೆದ ಟೆಂಟಿನೊಳಗಿನ ಪ್ರತಿರೋಧ ಆ ಕೊಡದ ನೀರು. ನಿಮ್ಮ ಖುಷಿಗೆ ಮಾಡ್ತೀರಾ? ನಿಮ್ಮ ಖುಷಿ ಅಂತ ಹೇಳಿ. ನಮ್ಮ ಚಳವಳಿಯ ಪದ ಅದಕ್ಕೆ ಅಂಟಿಸಬೇಡಿ.

ಇನ್ನೂ ಒಂದು ಇದೆ. ಟೆಂಟ್ ಸಿಕ್ಕಿಬಿದ್ದ ದಿನ ಮೊದಲು ಏಟು ತಿನ್ನೋದು ನೀವಲ್ಲ. ಮನೆ ಗುಡಿಸೋಕೆ ಬರೋ ಅಕ್ಕ, ಗೇಟಿನ ವಾಚ್‌ಮನ್, ಪಾರ್ಸೆಲ್ ತಂದ ಡೆಲಿವರಿ ಹುಡುಗ. ಅವರ ಜಾತಿ ಯಾವುದು ಅಂತ ನಾನು ಹೇಳಬೇಕಾ? ಆಮೇಲೆ ನಿಮ್ಮ ಫೋನು ಜಪ್ತಿ ಆಗುತ್ತೆ, ಅದರಲ್ಲಿ ನಮ್ಮೆಲ್ಲರ ನಂಬರು, ನಮ್ಮ ಗ್ರೂಪುಗಳು. ಭೂಮಿ ಹೋರಾಟ, ಪೌರಕಾರ್ಮಿಕರ ಧರಣಿ, ಹಾಸ್ಟೆಲ್ ಮಕ್ಕಳ ಚಳವಳಿ, ಎಲ್ಲದಕ್ಕೂ ಮಾರನೇ ದಿನ ಟಿವಿಯಲ್ಲಿ "ಡ್ರಗ್ಸ್ ಗ್ಯಾಂಗ್" ಅಂತ ಹೆಸರು. ನಿಮ್ಮಪ್ಪ ದೊಡ್ಡ ವಕೀಲರನ್ನ ಇಡ್ತಾರೆ. ನಮ್ಮ ಹುಡುಗರಿಗೆ ನಾನು ಅರ್ಜಿ ಟೈಪ್ ಮಾಡಬೇಕು.

ಹಾಗಾದ್ರೆ ನಾನು ಗಾಂಜಾ ಪರವೋ ವಿರೋಧವೋ? ನಾನು ಬುದ್ಧನ ಪಂಚಶೀಲ ಒಪ್ಪಿದವನು, ಐದನೇ ಶೀಲ ಮತ್ತಿನಿಂದ ದೂರ ಇರು ಅನ್ನುತ್ತೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಡಿಸಿದ 22 ಪ್ರತಿಜ್ಞೆಗಳಲ್ಲಿ ಕುಡಿಯಲ್ಲ ಅನ್ನೋದೂ ಒಂದು. ಹದಿಹರೆಯದಲ್ಲಿ ಗಾಂಜಾ ಶುರು ಮಾಡಿದವರಲ್ಲಿ ಮನಸ್ಸಿನ ಕಾಯಿಲೆಯ ಅಪಾಯ ಹೆಚ್ಚು ಅಂತ ವೈದ್ಯರು ಹೇಳ್ತಾರೆ, ಅದು ನಿಜ. ನಮ್ಮ ಕೇರಿಯ ಹುಡುಗರು ಸೇದಬಾರದು ಅಂತಲೇ ನನ್ನ ಆಸೆ. ಆದರೆ ಶೀಲ ಅನ್ನೋದು ನಾನು ನನಗೆ ಹಾಕ್ಕೊಳ್ಳೋ ಕಟ್ಟು, ಬೇರೆಯವನಿಗೆ ತೊಡಿಸೋ ಬೇಡಿ ಅಲ್ಲ. ಚಟಕ್ಕೆ ಬಿದ್ದವನಿಗೆ ಆಸ್ಪತ್ರೆ ಬೇಕು, ಲಾಕಪ್ಪು ಬೇಡ. ಸಾರಾಯಿ 2007ರಲ್ಲಿ ನಿಲ್ಲಿಸಿ ಅದರ ಜಾಗಕ್ಕೆ ಊರೂರಲ್ಲಿ ವೈನ್‌ಶಾಪ್ ತೆರೆಸಿದ ಸರ್ಕಾರಕ್ಕೆ ನಮ್ಮ ಆರೋಗ್ಯದ ಬಗ್ಗೆ ಪಾಠ ಮಾಡೋ ಯೋಗ್ಯತೆ ಇಲ್ಲ.

ಕೇರಿಯ ತಮ್ಮಂದಿರು ಇಷ್ಟು ತಿಳ್ಕೊಂಡಿರಿ, ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ:

ಮೈ ತಪಾಸಣೆ ಮಾಡೋ ಮೊದಲು ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಮಾಡಿ ಅಂತ ಕೇಳೋ ಹಕ್ಕು 50ನೇ ಕಲಮಲ್ಲಿ ಇದೆ. ಬ್ಯಾಗಿಗೆ, ಗಾಡಿಗೆ ಇದು ಅನ್ವಯಿಸಲ್ಲ.

ಯಾಕೆ ಹಿಡಿದಿದ್ದೀರಿ ಅನ್ನೋದನ್ನ ಬರೆದು ಕೊಡಿ ಅಂತ ಕೇಳಿ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು.

ಖಾಲಿ ಹಾಳೆಗೆ ಸಹಿ ಹಾಕಬೇಡಿ. ಈ ಕಾಯ್ದೆಯ ಅಧಿಕಾರಿಗಳ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯ ಆಗಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲೇ ತೂಫಾನ್ ಸಿಂಗ್ ಪ್ರಕರಣದಲ್ಲಿ ಹೇಳಿದೆ.

ವಕೀಲರನ್ನ ಕೇಳದೆ ಕೋರ್ಟಲ್ಲಿ ತಪ್ಪು ಒಪ್ಕೋಬೇಡಿ. ಚಟಕ್ಕೆ ಬಿದ್ದವರು ತಾವಾಗೇ ಚಿಕಿತ್ಸೆಗೆ ಹೋದರೆ 64ಎ ಕಲಮಲ್ಲಿ ರಕ್ಷಣೆ ಇದೆ. ಜೈಲಿನ ಬದಲು ಚಿಕಿತ್ಸೆಗೆ ಕಳಿಸೋ ಅವಕಾಶ 39ರಲ್ಲಿ ಇದೆ.

ಎಸ್‌ಸಿ, ಎಸ್‌ಟಿಯವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ.

ಇನ್ನು ನಮ್ಮ ಬೇಡಿಕೆ. ಟೆಂಟ್ ಕಟ್ಟೋ ಗೆಳೆಯರು ಆ 74 ಸಾವಿರದಲ್ಲಿ ಒಂದಿಷ್ಟು ಇದಕ್ಕೆ ಕೊಟ್ಟರೆ ಅವರನ್ನ ನಾನೇ ಹೋರಾಟಗಾರರು ಅಂತ ಕರೀತೀನಿ.

1. ಸೇವನೆಯನ್ನ, ಸಣ್ಣ ಪ್ರಮಾಣ ಇಟ್ಟುಕೊಳ್ಳೋದನ್ನ ಅಪರಾಧದ ಪಟ್ಟಿಯಿಂದ ತೆಗೀಬೇಕು. ಸಾಮಾಜಿಕ ನ್ಯಾಯ ಸಚಿವಾಲಯವೇ 2021ರಲ್ಲಿ ಸೇವಿಸುವವರನ್ನ ಜೈಲಿಗೆ ಹಾಕೋದು ಬೇಡ ಅಂತ ಸಲಹೆ ಕೊಟ್ಟಿದೆ ಅನ್ನೋದು ಪೇಪರಲ್ಲಿ ಬಂತು. ಕಾಯ್ದೆ ಇವತ್ತಿಗೂ ಹಾಗೇ ಇದೆ.

2. ಸ್ವಂತಕ್ಕೆ ಬೆಳೆದ ಒಂದೆರಡು ಗಿಡಕ್ಕೂ ಎಕರೆಗಟ್ಟಲೆ ಬೆಳೆಗೂ ಒಂದೇ ಶಿಕ್ಷೆ ಇರಬಾರದು. ಇದು ಫ್ಲ್ಯಾಟಿನ ಕುಂಡಕ್ಕೂ ಸಿಗಲಿ, ಜೋಪಡಿಯ ಹಿತ್ತಿಲಿಗೂ ಸಿಗಲಿ.

3. ಜಪ್ತಿ ಮಾಡಿದ ಗಿಡದಲ್ಲಿ ಹೂವಿನ ತುದಿ ಮಾತ್ರ ಬೇರ್ಪಡಿಸಿ ತೂಗಬೇಕು. ಹಾಗೆ ತೂಗದ ಕೇಸುಗಳಲ್ಲಿ ಒಳಗಿರೋರ ಜಾಮೀನನ್ನ ಸರ್ಕಾರವೇ ಪರಿಶೀಲನೆಗೆ ಒಯ್ಯಬೇಕು.

4. ವಿಚಾರಣೆ ವರ್ಷಗಟ್ಟಲೆ ಎಳೆದರೆ 37ನೇ ಕಲಮು ಅಡ್ಡಿ ಆಗಬಾರದು ಅಂತ ಸುಪ್ರೀಂ ಕೋರ್ಟ್ 2023ರ ಮೊಹಮ್ಮದ್ ಮುಸ್ಲಿಂ ಪ್ರಕರಣದಲ್ಲಿ ಏಳು ವರ್ಷ ಒಳಗಿದ್ದವನಿಗೆ ಜಾಮೀನು ಕೊಟ್ಟು ತೋರಿಸಿದೆ. ಬಡವನ ಮನೆ ಜೈಲುವಾಸದಿಂದ ಹೇಗೆ ಚದುರಿಹೋಗುತ್ತೆ ಅಂತಲೂ ಅದರಲ್ಲಿ ಬರೆದಿದೆ. ಕೆಳಗಿನ ಕೋರ್ಟುಗಳಲ್ಲಿ ಅದು ಜಾರಿ ಆಗಬೇಕು. ಪಹಣಿ ಇಲ್ಲದವರಿಗೆ ಸ್ವಂತ ಮುಚ್ಚಳಿಕೆ ಮೇಲೆ ಬಿಡುಗಡೆ ಸಿಗಬೇಕು.

5. ಮುಂದೆ ಕರ್ನಾಟಕದಲ್ಲಿ ಹೆಂಪ್ ಬೆಳೆಗೆ ಲೈಸೆನ್ಸ್ ಕೊಡೋದಾದರೆ ದಲಿತ, ಆದಿವಾಸಿ ಸಣ್ಣ ಹಿಡುವಳಿದಾರರ ಸಹಕಾರ ಸಂಘಗಳಿಗೆ ಮೊದಲ ಪಾಲು. ಈ ಗಿಡದ ಸಣ್ಣ ಕೇಸಲ್ಲಿ ಜೈಲು ಕಂಡವರನ್ನ ಅನರ್ಹರು ಅನ್ನಬಾರದು, ಅವರ ದಾಖಲೆ ಅಳಿಸಬೇಕು.

ನಿಮ್ಮ ಊರಿನ, ನಿಮ್ಮ ಕೇರಿಯ ಯಾರಾದರೂ ಇಂಥ ಕೇಸಲ್ಲಿ ಪಹಣಿ ಸಿಗದೆ ಒಳಗಿದ್ದರೆ ನನಗೆ ಇನ್‌ಬಾಕ್ಸ್ ಮಾಡಿ. ಕಾಮೆಂಟಲ್ಲಿ ಹೆಸರು ಬರೀಬೇಡಿ. ಕೇಸ್ ನಂಬರ್, ಜೈಲು, ಎಷ್ಟು ದಿನ ಆಯಿತು, ಇಷ್ಟು ಸಾಕು. ಪಟ್ಟಿ ಮಾಡಿ ಕಾನೂನು ಸೇವಾ ಪ್ರಾಧಿಕಾರದ ಮುಂದೆ ಇಡೋಣ.

ಹಂಚಿಕೊಳ್ಳಿ. ಜೈ ಭೀಮ್.